ಹೆಣ್ಣು ಹೆತ್ತವಳ ಅಪರಾಧವೇನು?

ಮಗು ಹುಟ್ಟಿದ ಮನೆಗೆ ಬಂದವರೆಲ್ಲ ತೊಟ್ಟಿಲಿಗೆ ಬಗ್ಗಿ ನೋಡಿ ಒಂದೊಂದು ತೀರ್ಪು ಕೊಡುತ್ತಾರೆ. ಮೂಗು ದಾದಿಯದ್ದು, ಹಣೆ ಅಬ್ಬಾನದ್ದು, ಕಿವಿ ಸೋದರಮಾವನದ್ದು. ಮಂಗಳೂರಿನ ಬಂದರು, ಕುದ್ರೋಳಿಯ ಬ್ಯಾರಿ ಮನೆಗಳಿರಲಿ, ಉರ್ದು ಮಾತಾಡುವ ಮನೆಗಳಿರಲಿ, ಪಕ್ಕದ ತುಳು, ಕೊಂಕಣಿ ಮನೆಗಳಿರಲಿ, ಭಾಷೆ ಬೇರೆಯಾದರೂ ಮಾತು ಒಂದೇ. ಮಗು ಬೆಳ್ಳಗಿದ್ದರೆ ತಂದೆಯ ಕಡೆಯವರು ಹಕ್ಕು ಸಾಧಿಸುತ್ತಾರೆ. ಕಪ್ಪಗಿದ್ದರೆ ಬೆರಳು ತಾಯಿಯ ಕಡೆಗೆ ತಿರುಗುತ್ತದೆ. ಗಂಡು ಹುಟ್ಟಿದರೆ 'ಇಂಥವನಿಗೆ ಗಂಡುಮಗುವಾಯಿತು' ಎಂದು ವಾಕ್ಯ ತಂದೆಯಿಂದ ಶುರುವಾಗುತ್ತದೆ. ಮೂರನೆಯದೂ ಹೆಣ್ಣಾದರೆ 'ಅವಳು ಮತ್ತೆ ಹೆಣ್ಣನ್ನೇ ಹೆತ್ತಳು' ಎಂದು ಅದೇ ವಾಕ್ಯ ತಾಯಿಯಿಂದ ಶುರುವಾಗುತ್ತದೆ.

ಕಥೆ ಬರೆಯುವ ನಮಗೆ ಈ ವಾಕ್ಯರಚನೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಕಥೆ ಕಾದಂಬರಿಗಳು ಹುಟ್ಟುವುದೇ ಇಂಥ ಮನೆಮಾತಿನಿಂದ. ಖೂನ್, ಖಾನ್‌ದಾನ್, ನಸಲ್ ಎಂದು ಉರ್ದುವಿನಲ್ಲಿ ಕಲಿತದ್ದನ್ನೇ ಕನ್ನಡದಲ್ಲಿ ರಕ್ತ, ಕುಲ, ವಂಶ ಎಂದು ಓದಿಕೊಂಡು ಬಂದವರು ನಾವು. ಎರಡೂ ಭಾಷೆಗಳಲ್ಲಿ ಈ ಪದಗಳು ಗಂಡಿನ ಕಡೆಗೇ ವಾಲಿಕೊಂಡಿವೆ. ಹಾಗಾದರೆ ಮಗುವಿನಲ್ಲಿ ಯಾರ ಪಾಲು ಎಷ್ಟು? ಈ ಪ್ರಶ್ನೆಗೆ ನಮ್ಮ ಸಾಹಿತ್ಯ ಏನು ಹೇಳಿದೆ? ವಿಜ್ಞಾನ ಏನು ಹೇಳುತ್ತದೆ? ಇಲ್ಲಿ ಮೂರು ಕೃತಿಗಳನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸಬೇಕೆಂದಿದ್ದೇವೆ.

ಮೊದಲನೆಯದು ಬಾನು ಮುಷ್ತಾಕ್ ಅವರ 'ಕರಿ ನಾಗರಗಳು'. ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲೂ ಈ ಕಥೆ ಇದೆ. ಅದಕ್ಕೂ ಬಹಳ ಮೊದಲೇ, 2004ರಲ್ಲಿ, ಗಿರೀಶ ಕಾಸರವಳ್ಳಿಯವರು ಇದನ್ನು ಆಧರಿಸಿ 'ಹಸೀನಾ' ಚಿತ್ರ ಮಾಡಿದರು. ಅದರ ಅಭಿನಯಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಥೆಯ ಆಶ್ರಫ್ ಮೂರು ಹೆಣ್ಣುಮಕ್ಕಳ ತಾಯಿ. ಆಕೆಯ ಗಂಡ ಯಾಕೂಬ್ ಅದೇ ಕಾರಣಕ್ಕೆ ಅವಳನ್ನು ಕೈಬಿಟ್ಟಿದ್ದಾನೆ. ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಮುತವಲ್ಲಿಗೆ ಅವಳ ಅಳಲು ಕೇಳಿಸುವುದಿಲ್ಲ. ಮಗು ಸಾಯುತ್ತದೆ. ಆಮೇಲೆ ಮೊಹಲ್ಲಾದ ಹೆಂಗಸರ ಶಾಪ ಬೀಳುತ್ತದೆ. ಮುತವಲ್ಲಿಯ ಹೆಂಡತಿ ಅಮೀನಾ ಹೆರಿಗೆಗಳಿಂದ ಸಾಕಾಗಿ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ.

ಈ ಕಥೆಯಲ್ಲಿ ಶರೀಅತ್ತಿನ ವಾದವಿದೆ. ಓದುಬರಹ ಬಲ್ಲ ಹೆಂಗಸೊಬ್ಬಳು ಆಶ್ರಫ್‌ಗೆ ಅವಳ ಹಕ್ಕುಗಳನ್ನು ತಿಳಿಸಿ ಹೇಳುತ್ತಾಳೆ. ಆದರೆ ಡಾಕ್ಟರೊಬ್ಬರು ಬಂದು 'ಹೆಣ್ಣು ಹುಟ್ಟುವುದಕ್ಕೆ ಗಂಡನೇ ಕಾರಣ' ಎಂದು ಪಾಠ ಮಾಡುವ ದೃಶ್ಯವಿಲ್ಲ. ಇದನ್ನು ಕೊರತೆ ಎನ್ನುವ ಓದುಗರೂ ಇದ್ದಾರೆ. ಆ ಒಂದು ಮಾತು ಇದ್ದಿದ್ದರೆ ಯಾಕೂಬನ ಬಾಯಿ ಮುಚ್ಚುತ್ತಿತ್ತು ಎಂಬುದು ಅವರ ವಾದ. ಅದು ಎಷ್ಟರ ಮಟ್ಟಿಗೆ ಸರಿ ಎಂದು ತೂಗಬೇಕಾದರೆ ಮೊದಲು ವಿಜ್ಞಾನದ ಮಾತನ್ನು ನೇರವಾಗಿ ತಿಳಿಯಬೇಕು.

ನಮ್ಮ ದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಈ ತಂತುಗಳ ಮೇಲೆ ವಂಶವಾಹಿಗಳು, ಅಂದರೆ ಜೀನ್‌ಗಳು, ಸಾಲಾಗಿ ಕುಳಿತಿವೆ. ಮನುಷ್ಯನಲ್ಲಿ ಇವುಗಳ ಸಂಖ್ಯೆ ಸುಮಾರು 20 ಸಾವಿರ. ಅಂಡಾಣು ಮತ್ತು ವೀರ್ಯಾಣು ಸಿದ್ಧವಾಗುವಾಗ ಪ್ರತಿ ಜೋಡಿಯಿಂದ ಒಂದು ಮಾತ್ರ ಅದರೊಳಗೆ ಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ಆದ್ದರಿಂದಲೇ ಒಂದೇ ತಂದೆತಾಯಿಯ ಮಕ್ಕಳು ಒಬ್ಬರಂತೆ ಒಬ್ಬರು ಇರುವುದಿಲ್ಲ.

23 ಜೋಡಿಗಳಲ್ಲಿ ಒಂದು ಜೋಡಿ ಲಿಂಗವನ್ನು ನಿರ್ಧರಿಸುವಂಥದ್ದು. ಹೆಂಗಸಿನಲ್ಲಿ ಎರಡೂ ಎಕ್ಸ್. ಗಂಡಸಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿಯ ಬಳಿ ಕೊಡಲು ಎಕ್ಸ್ ಬಿಟ್ಟು ಬೇರೆ ಇಲ್ಲ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದು 1905ರಷ್ಟು ಹಿಂದೆಯೇ ತಿಳಿದುಬಂದ ಸತ್ಯ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಹಿಟ್ಟಿನ ಹುಳುಗಳ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಇದನ್ನು ಗುರುತಿಸಿದರು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಕೂಡ ಸ್ವತಂತ್ರವಾಗಿ ಇಂಥದೇ ನಿರ್ಣಯಕ್ಕೆ ಬಂದರು. ಹೆಣ್ಣಿನ ಮೇಲಿದ್ದ ಇಷ್ಟು ಹಳೆಯ ಆರೋಪವನ್ನು ಅಳಿಸಿಹಾಕಿದವರಲ್ಲಿ ಒಬ್ಬ ಹೆಣ್ಣೂ ಇದ್ದಳೆಂಬುದನ್ನು ನಮ್ಮ ಶಾಲಾ ಮಕ್ಕಳಿಗೆ ಹೇಳಬೇಕು.

ಈಗ ಯಾಕೂಬನ ಲೆಕ್ಕ ನೋಡೋಣ. ಪ್ರತಿ ಗರ್ಭದಲ್ಲೂ ಗಂಡು, ಹೆಣ್ಣಿನ ಅವಕಾಶ ಹೆಚ್ಚು ಕಡಿಮೆ ಅರ್ಧ ಅರ್ಧ. ಹಿಂದಿನ ಹೆರಿಗೆ ಮುಂದಿನದರ ಮೇಲೆ ಪರಿಣಾಮ ಬೀರುವುದಿಲ್ಲ. ಮೂವರು ಮಕ್ಕಳಿರುವ ಎಂಟು ಮನೆಗಳನ್ನು ತೆಗೆದುಕೊಂಡರೆ ಸರಾಸರಿ ಒಂದು ಮನೆಯಲ್ಲಿ ಮೂವರೂ ಹೆಣ್ಣುಮಕ್ಕಳಿರುತ್ತಾರೆ, ಇನ್ನೊಂದರಲ್ಲಿ ಮೂವರೂ ಗಂಡುಮಕ್ಕಳಿರುತ್ತಾರೆ. ಇದರಲ್ಲಿ ವಿಶೇಷವೂ ಇಲ್ಲ, ಶಾಪವೂ ಇಲ್ಲ. ಗಂಡುಮಗುವಿಗಾಗಿ ಬೇರೆ ಹೆಣ್ಣಿನ ಕಡೆ ಹೊರಟ ಗಂಡಸು ತನ್ನ ಅದೇ ಎಕ್ಸ್ ಮತ್ತು ವೈಗಳನ್ನು ಹೊತ್ತುಕೊಂಡೇ ಹೋಗುತ್ತಾನೆ. ಅವಕಾಶ ಅಲ್ಲೂ ಅರ್ಧ ಅರ್ಧವೇ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಆರೋಗ್ಯದ ಭಾಷಣಗಳಲ್ಲಿ 'ಹೆಣ್ಣು ಹುಟ್ಟಿದರೆ ಗಂಡನೇ ಹೊಣೆ' ಎಂಬ ಮಾತು ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೂ ಆ ಮಾತಿನಲ್ಲಿ ಹಳೆಯ ವಿಷ ಉಳಿದುಕೊಂಡಿದೆ. ಹೊಣೆ ಎಂದ ಮೇಲೆ ತಪ್ಪೊಂದು ನಡೆದಿದೆ ಎಂದಾಯಿತು. ಹೆಣ್ಣು ಹುಟ್ಟುವುದು ತಪ್ಪೇ? ಒಂದು ವೇಳೆ ನಿಸರ್ಗದ ಏರ್ಪಾಟು ಬೇರೆಯಾಗಿದ್ದು, ಲಿಂಗವನ್ನು ತಾಯಿಯೇ ನಿರ್ಧರಿಸುವಂತಿದ್ದರೆ ಯಾಕೂಬ್ ಮಾಡಿದ್ದು ನ್ಯಾಯವಾಗಿಬಿಡುತ್ತಿತ್ತೇ? ಹಕ್ಕಿಗಳಲ್ಲಿ ಲಿಂಗ ನಿರ್ಧಾರವಾಗುವುದು ತಾಯಿಯ ಕಡೆಯಿಂದಲೇ. ಹಾಗೆಂದು ಅನ್ಯಾಯ ನ್ಯಾಯವಾಗುವುದಿಲ್ಲ. ಬಾನು ಮುಷ್ತಾಕ್ ತಮ್ಮ ಕಥೆಯಲ್ಲಿ ಡಾಕ್ಟರನ್ನು ಕರೆತರದೆ ಇದ್ದದ್ದು ಸರಿ ಎಂದು ನಾವು ಹೇಳುವುದು ಇದಕ್ಕಾಗಿ. ಆಶ್ರಫ್ ಮಸೀದಿಯ ಮುಂದೆ ಕೂತದ್ದು ತನ್ನ ಅಂಡಾಣುವಿನ ಪರವಾಗಿ ವಾದಿಸಲು ಅಲ್ಲ. ಹುಟ್ಟಿರುವ ಮಕ್ಕಳಿಗೆ ಅನ್ನ, ಔಷಧಿ ಕೊಡಿಸಿ ಎಂದು ಕೇಳಲು. ಆ ಬೇಡಿಕೆಗೆ ವಿಜ್ಞಾನದ ಸಾಕ್ಷಿ ಬೇಕಾಗಿಲ್ಲ. ವಿಜ್ಞಾನ ಮಾಡುವ ಉಪಕಾರ ಬೇರೆ. ಯಾಕೂಬ್ ಮತ್ತು ಮುತವಲ್ಲಿಯಂಥವರು ತಮ್ಮ ಹೃದಯಹೀನತೆಗೆ ಹೊದಿಸಿಕೊಂಡ ನೆಪವನ್ನು ಅದು ಕಿತ್ತುಹಾಕುತ್ತದೆ.

ಎರಡನೆಯ ಕೃತಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ', 1965ರ ಕಾದಂಬರಿ. ಕಾರ್ನಾಡ ಮತ್ತು ಬಿ.ವಿ. ಕಾರಂತರು ಮಾಡಿದ ಚಿತ್ರದ ಮೂಲಕವೂ ಹಲವರಿಗೆ ಪರಿಚಿತ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ವಂಶವೇ ಧರ್ಮ. ವಿಧವೆ ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ಹೊರಟಾಗ ಅವಳ ಮಗ ಚೀನಿ ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತಾನೆ. ಮಗು ವಂಶದ ಸೊತ್ತು, ತಾಯಿ ಹೆತ್ತುಕೊಟ್ಟವಳು ಮಾತ್ರ. ಬೀಜ ಬಿತ್ತಿದವನದು ಬೆಳೆ, ಕ್ಷೇತ್ರದ್ದಲ್ಲ ಎಂಬ ನಂಬಿಕೆ ಈ ತೀರ್ಮಾನದ ತಳದಲ್ಲಿದೆ. ಗ್ರೀಸಿನ ಅರಿಸ್ಟಾಟಲ್ ಕೂಡ ರೂಪ ಕೊಡುವವನು ತಂದೆ, ತಾಯಿ ಒದಗಿಸುವುದು ದ್ರವ್ಯವನ್ನು ಮಾತ್ರ ಎಂದು ತಿಳಿದಿದ್ದ. ಆದ್ದರಿಂದ ಇದನ್ನು ಒಂದು ಮತದ, ಒಂದು ಜಾತಿಯ ತಲೆಗೆ ಕಟ್ಟುವುದು ಸರಿಯಲ್ಲ.

ಚೀನಿಯ ದೇಹವನ್ನು ಕೇಳಿದರೆ ಅದು ಬೇರೆ ಲೆಕ್ಕ ಕೊಡುತ್ತದೆ. ಅವನ ಅರ್ಧ ವರ್ಣತಂತುಗಳು ಕಾತ್ಯಾಯಿನಿಯಿಂದ ಬಂದವು. ಶ್ರೋತ್ರಿಗಳ ಪಾಲು ಹೆಚ್ಚೆಂದರೆ ಕಾಲುಭಾಗದ ಆಸುಪಾಸು. ಅವನನ್ನು ಯಾವ ಮನೆಯಲ್ಲಿ ಇಟ್ಟರೂ ತಾಯಿಯನ್ನು ಅವನಿಂದ ಹೊರಗೆ ಕಳಿಸಲು ಬರುವುದಿಲ್ಲ. ಇನ್ನು ವಂಶವೃಕ್ಷದ ಚಿತ್ರವನ್ನೇ ನೋಡಿ. ಮೂಲಪುರುಷನಿಂದ ಒಂದೇ ಗೆರೆ ಕೆಳಗಿಳಿಯುತ್ತದೆ. ನಿಜವಾಗಿ ನಮಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು, ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರು. ಹತ್ತು ತಲೆಮಾರು ಹಿಂದೆ ಹೋದರೆ 1,024 ಸ್ಥಾನಗಳು. ಸೋದರಿಕೆಯ ಮದುವೆಗಳಿಂದ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಬರಬಹುದು, ಅಷ್ಟೆ. ವಂಶಾವಳಿ ಬರೆಸಿಟ್ಟುಕೊಂಡವರು ಅದರಲ್ಲಿ ಒಂದು ಹೆಸರನ್ನು ಉಳಿಸಿಕೊಂಡು ಮಿಕ್ಕ 1,023 ಮಂದಿಯನ್ನು ಮರೆತಿರುತ್ತಾರೆ.

ಭೈರಪ್ಪನವರ ಕಾದಂಬರಿಯ ಶಕ್ತಿ ಇರುವುದು ಅದು ತನ್ನ ನಂಬಿಕೆಯನ್ನೇ ಒಡೆದುಕೊಳ್ಳುವುದರಲ್ಲಿ. ತಾನು ಶ್ರೋತ್ರಿಯ ವಂಶದ ಬೀಜವಲ್ಲ, ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟದಿಂದ ಬೇರೊಬ್ಬನಿಂದ ಪಡೆದ ಮಗ ಎಂಬ ಸತ್ಯ ವೃದ್ಧ ಶ್ರೋತ್ರಿಗಳಿಗೆ ಕೊನೆಯಲ್ಲಿ ತಿಳಿಯುತ್ತದೆ. ಅವರು ಎಲ್ಲವನ್ನೂ ತೊರೆದು ಹೊರಡುತ್ತಾರೆ. ನಮಗೆ ಇಲ್ಲಿ ಕಾದಂಬರಿಕಾರರೊಂದಿಗೆ ತಕರಾರಿದೆ. ಅಷ್ಟು ವರ್ಷ ಶ್ರೋತ್ರಿಗಳು ಬಾಳಿದ ಬದುಕು, ಅವರ ಸಂಯಮ, ಪಾಂಡಿತ್ಯ ಇವೆಲ್ಲ ಆ ವಂಶದ ರಕ್ತವಿಲ್ಲದೆಯೇ ಬಂದವು. ಮನೆ, ಓದು, ಅಭ್ಯಾಸಗಳಿಂದ ಬಂದವು. ಕಾದಂಬರಿ ಕೊಟ್ಟಿರುವ ಸಾಕ್ಷ್ಯವೇ ಇದು. ಆದರೆ ಕಾದಂಬರಿ ಅದನ್ನು ಬಿಡುಗಡೆಯಾಗಿ ನೋಡದೆ ಕುಸಿತವಾಗಿ ನೋಡುತ್ತದೆ. ಕಾತ್ಯಾಯಿನಿಯ ಪಾಲಿಗಂತೂ ಗರ್ಭಪಾತದ ಮೇಲೆ ಗರ್ಭಪಾತ, ಕೊನೆಗೆ ಸಾವು. ವಂಶದ ಸುಳ್ಳು ಬಯಲಾದ ಮೇಲೂ ಅದರ ದಂಡ ಕಟ್ಟಿದವಳು ಹೆಣ್ಣೇ.

ಮೂರನೆಯದು ಗಿರೀಶ ಕಾರ್ನಾಡರ 'ಹಯವದನ'. ದೇವದತ್ತ, ಕಪಿಲರ ತಲೆಗಳು ಅದಲುಬದಲಾಗುತ್ತವೆ. ಪದ್ಮಿನಿ ಆ ಹೊತ್ತಿಗಾಗಲೇ ಗರ್ಭಿಣಿ. ಅವಳ ಗಂಡ ಯಾರು? ದೇವದತ್ತನ ದೇಹ ಪಡೆದ ಕಪಿಲ, ಹೊಟ್ಟೆಯಲ್ಲಿರುವ ಮಗು ಈ ದೇಹದ್ದು ಎಂದು ಹಕ್ಕು ಸಾಧಿಸುತ್ತಾನೆ. ಋಷಿ ತಲೆಯೇ ಶ್ರೇಷ್ಠ ಎಂದು ತೀರ್ಪು ಕೊಡುತ್ತಾನೆ. ಜೀವಶಾಸ್ತ್ರದ ಪ್ರಕಾರ ಕಪಿಲನ ಮಾತಿನಲ್ಲಿ ಸತ್ಯವಿದೆ. ವೀರ್ಯಾಣು ತಯಾರಾಗುವುದು ದೇಹದಲ್ಲಿ. ತಲೆ ಎಷ್ಟೇ ಶಾಸ್ತ್ರ ಓದಿರಲಿ, ಓದಿದ್ದು ವರ್ಣತಂತುವಿನೊಳಗೆ ಇಳಿಯುವುದಿಲ್ಲ. ಆಲಿಮನ ಮಗ ಹುಟ್ಟುತ್ತಲೇ ಆಲಿಮನಾಗುವುದಿಲ್ಲ, ಪೈಲ್ವಾನನ ಮಗ ಗರಡಿಗೆ ಹೋಗದೆ ಪೈಲ್ವಾನನಾಗುವುದಿಲ್ಲ.

ನಾಟಕದ ಕೊನೆಯಲ್ಲಿ ಪದ್ಮಿನಿ ಮಗುವನ್ನು ಮೊದಲು ಕಾಡಿನವರ ಬಳಿ ಕಪಿಲನ ಮಗನೆಂದು ಬೆಳೆಸಲು, ಐದು ವರ್ಷವಾದ ಮೇಲೆ ದೇವದತ್ತನ ತಂದೆಯ ಮನೆಗೆ ಅವನ ಮೊಮ್ಮಗನೆಂದು ಒಪ್ಪಿಸಲು ಹೇಳಿ ಹೋಗುತ್ತಾಳೆ. ಋಷಿಯ ತೀರ್ಪಿಗಿಂತ ಈ ಹೆಣ್ಣಿನ ಏರ್ಪಾಟು ಹೆಚ್ಚು ವಿವೇಕದ್ದು. ಹುಟ್ಟು ಒಂದು ಕಡೆಯಿಂದ, ಬೆಳೆಯುವುದು ಇನ್ನೊಂದು ಕಡೆಯಿಂದ ಮಗುವಿಗೆ ಸಲ್ಲುತ್ತದೆ ಎಂಬುದನ್ನು ಅವಳು ಒಪ್ಪಿಕೊಂಡಿದ್ದಾಳೆ. ಆದರೂ ಒಂದು ಮಾತು. ಇಲ್ಲೂ ಜಗಳ ನಡೆಯುವುದು ಇಬ್ಬರು ಗಂಡಸರ ನಡುವೆ. ಮಗುವಿನಲ್ಲಿ ಅರ್ಧ ಪಾಲಿರುವ ಪದ್ಮಿನಿಯ ಹೆಸರಿನಲ್ಲಿ ಅದನ್ನು ಬೆಳೆಸಿ ಎಂದು ಯಾರೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ತಾಯಿಯ ಹೆಸರಿನಲ್ಲಿ ಕುಲ ಎಣಿಸುವ ಪದ್ಧತಿ ನಮ್ಮ ಮಂಗಳೂರಿಗೆ ಹೊಸದಲ್ಲ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ ನಡೆದುಬಂದಿದೆ. ಆಸ್ತಿ ತಾಯಿಯ ಗೆರೆಯಲ್ಲಿ ಇಳಿಯುತ್ತಿತ್ತು. ಇದಕ್ಕಾಗಿ 1949ರಲ್ಲಿ ಮದ್ರಾಸ್ ಸರಕಾರದ ಪ್ರತ್ಯೇಕ ಕಾಯ್ದೆಯೇ ಬಂತು. ಕೇರಳದ ಉತ್ತರ ಮಲಬಾರಿನ ಮಾಪಿಳ್ಳೆ ಮುಸ್ಲಿಮರಲ್ಲೂ ತಾಯಿಯ ಗೆರೆಯ ತರವಾಡುಗಳಿದ್ದವು. ಒಂದೇ ಕರಾವಳಿಯಲ್ಲಿ ಒಬ್ಬರಿಗೆ ಮಗನಿಲ್ಲದಿದ್ದರೆ ವಂಶ ಮುಗಿಯಿತು, ಇನ್ನೊಬ್ಬರಿಗೆ ಮಗಳಿಲ್ಲದಿದ್ದರೆ ಮುಗಿಯಿತು. ನಿಸರ್ಗ ಇಬ್ಬರ ಪರವಾಗಿಯೂ ಒಂದೊಂದು ಎಳೆ ಇಟ್ಟಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇವೆರಡೂ ಸಣ್ಣ ಎಳೆಗಳು. ಮಗ ಬೇಕೇ ಬೇಕೆಂದು ಹಟ ಹಿಡಿದವರು ಉಳಿಸಿಕೊಳ್ಳುವ ವೈ ತಂತು ನಮ್ಮ ವರ್ಣತಂತುಗಳಲ್ಲಿ ಅತ್ಯಂತ ಚಿಕ್ಕವುಗಳ ಸಾಲಿಗೆ ಸೇರಿದ್ದು, ಅದರಲ್ಲಿರುವ ಜೀನ್‌ಗಳೂ ತೀರಾ ಕಡಿಮೆ. ಮೂಗು, ಮೈಬಣ್ಣ, ಎತ್ತರ, ಧ್ವನಿ ಎಂದು ನಾವು ತೊಟ್ಟಿಲಲ್ಲಿ ಹುಡುಕುವ ಹೋಲಿಕೆಗಳೆಲ್ಲ ಬಹುಮಟ್ಟಿಗೆ ಮಿಕ್ಕ ತಂತುಗಳಲ್ಲಿವೆ. ಅವು ಮಗಳ ಮೂಲಕವೂ ಅಷ್ಟೇ ಹರಿಯುತ್ತವೆ.

ಮುಸ್ಲಿಮರಾದ ನಾವು ಇನ್ನೊಂದು ಸಂಗತಿಯನ್ನು ನೆನೆಯಬೇಕು. ಪ್ರವಾದಿಯವರ (ಸ) ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. ವಿರೋಧಿಗಳು ಅವರನ್ನು ಸಂತಾನ ಕಡಿದುಹೋದವನೆಂದು ಹೀಯಾಳಿಸಿದರು. ಅವರ ಸಂತತಿ ಮುಂದುವರಿದದ್ದು ಮಗಳು ಫಾತಿಮಾರಿಂದ (ರ). ನಮ್ಮ ಕರಾವಳಿಯಲ್ಲಿ ತಂಙಳರೆಂದು ಗೌರವಿಸಲ್ಪಡುವ ಸೈಯದ್ ಮನೆತನಗಳು ತಮ್ಮ ನಸಬನ್ನು ಎಣಿಸುವುದು ಆ ಮಗಳ ಮೂಲಕವೇ. ತಂಙಳರ ಕೈಗೆ ಮುತ್ತಿಟ್ಟು ಬಂದು, ಮನೆಯಲ್ಲಿ ಹೆಣ್ಣು ಹೆತ್ತ ಸೊಸೆಗೆ 'ವಂಶ ಮುಗಿಸಿದೆ' ಎನ್ನುವವರಿಗೆ ತಮ್ಮ ಎರಡು ನಡತೆಗಳ ನಡುವಿನ ವಿರೋಧ ಕಾಣಬೇಡವೇ?

ಹದೀಸಿನಲ್ಲಿ ಒಬ್ಬ ಬದೂಯಿಯ ಪ್ರಸಂಗ ಬರುತ್ತದೆ. ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಳೆಂದು ಅವನು ಸಂಶಯದಿಂದ ಬಂದ. ಪ್ರವಾದಿಯವರು ಅವನ ಒಂಟೆಗಳ ಬಣ್ಣ ಕೇಳಿದರು. ಕೆಂಪು ಎಂದ. ಬೂದು ಬಣ್ಣದ್ದೂ ಇದೆಯೇ ಎಂದರು. ಇದೆ ಎಂದ. ಅದು ಎಲ್ಲಿಂದ ಬಂತೆಂದು ಕೇಳಿದಾಗ, ಹಿಂದಿನ ಯಾವುದೋ ಬೇರು ಎಳೆದಿರಬೇಕು ಎಂದು ಅವನೇ ಹೇಳಿದ. ನಿನ್ನ ಮಗುವಿನದೂ ಹಾಗೇ ಇರಬಹುದೆಂದು ಪ್ರವಾದಿಯವರು ಅವನನ್ನು ಕಳಿಸಿದರು. ಮಗು ತಾಯಿಯನ್ನೂ ಹೋಲುವುದರಿಂದ ಅವಳ ಪಾಲೂ ಅದರಲ್ಲಿದೆ ಎಂಬ ಅರ್ಥದ ಹದೀಸೂ ಇದೆ. ಇವನ್ನು ಹಿಡಿದುಕೊಂಡು ತಳಿಶಾಸ್ತ್ರವೆಲ್ಲ ನಮ್ಮ ಗ್ರಂಥಗಳಲ್ಲೇ ಇತ್ತು ಎಂದು ಬೀಗುವುದು ನಮಗೆ ಇಷ್ಟವಿಲ್ಲ. ಪ್ರವಾದಿಯವರು ಅಲ್ಲಿ ಜೀವಶಾಸ್ತ್ರ ಕಲಿಸುತ್ತಿರಲಿಲ್ಲ. ಒಬ್ಬ ಹೆಂಗಸಿನ ಮೇಲೆ ಬೀಳಲಿದ್ದ ಅಪವಾದವನ್ನು, ಅವಳ ಗಂಡ ತಾನೇ ಕಂಡಿದ್ದ ಸಂಗತಿಯನ್ನು ಅವನ ಬಾಯಿಂದಲೇ ಹೇಳಿಸಿ ತಪ್ಪಿಸಿದರು.

ಆ 'ಹಿಂದಿನ ಬೇರು' ಹೇಗೆ ಕೆಲಸ ಮಾಡುತ್ತದೆ ಎಂಬುದರ ಲೆಕ್ಕವನ್ನು ಮೊದಲು ಕಂಡುಕೊಂಡವನು ಗ್ರೆಗರ್ ಮೆಂಡೆಲ್, ಬ್ರನೋ ಪಟ್ಟಣದ ಕ್ರೈಸ್ತ ಮಠದ ಸಂನ್ಯಾಸಿ. ದುಂಡು ಬೀಜದ ಬಟಾಣಿಯನ್ನು ಸುಕ್ಕು ಬೀಜದ ಬಟಾಣಿಯೊಂದಿಗೆ ಬೆರೆಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಗಿದ್ದವು. ಅವುಗಳ ಮುಂದಿನ ಪೀಳಿಗೆಯಲ್ಲಿ 5,474 ದುಂಡು ಬೀಜ, 1,850 ಸುಕ್ಕು ಬೀಜ ಸಿಕ್ಕವು. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಸುಕ್ಕಿನ ಗುಣ ಅಳಿದಿರಲಿಲ್ಲ, ಒಂದು ತಲೆಮಾರು ಅಡಗಿತ್ತು. ಎರಡೂ ಕಡೆಯಿಂದ ಅದೇ ಗುಣ ಬಂದು ಸೇರಿದಾಗ ಮಾತ್ರ ಹೊರಬಿತ್ತು. ಮೆಂಡೆಲ್ ಇದನ್ನು 1866ರಲ್ಲಿ ಪ್ರಕಟಿಸಿದ. ಲೋಕ ಗಮನಿಸಿದ್ದು 1900ರಲ್ಲಿ, ಅವನು ಸತ್ತು 16 ವರ್ಷಗಳಾದ ಮೇಲೆ. ಮನುಷ್ಯನ ಮೈಬಣ್ಣ, ಎತ್ತರಗಳು ಬಟಾಣಿಯಷ್ಟು ಸರಳವಲ್ಲ. ಅನೇಕ ಜೀನ್‌ಗಳು ಸೇರಿ ಅವನ್ನು ರೂಪಿಸುತ್ತವೆ, ಊಟ ಬಿಸಿಲುಗಳೂ ಪ್ರಭಾವ ಬೀರುತ್ತವೆ. ಆದರೆ ಕೆಲವು ಕಾಯಿಲೆಗಳು ಬಟಾಣಿಯ ಲೆಕ್ಕದಂತೆಯೇ ನಡೆಯುತ್ತವೆ.

ಥಲಸೀಮಿಯಾ ಅಂಥದ್ದು. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಒಂದೊಂದು ಅಡಗಿದ್ದರೆ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಕರ್ನಾಟಕದಲ್ಲಿ ಇದು ದೊಡ್ಡ ವಿಷಯ. 1980ರ ದಶಕದಲ್ಲಿ 65 ಸಾವಿರಕ್ಕೂ ಹೆಚ್ಚು ಮದುವೆಗಳ ಮಾಹಿತಿ ಸಂಗ್ರಹಿಸಿದಾಗ ಮೂರರಲ್ಲಿ ಒಂದು ಸೋದರಿಕೆಯದಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚೇ ಇದೆ. ಇದು ಮುಸ್ಲಿಮರ ಪದ್ಧತಿ ಎಂದು ಬೆರಳು ತೋರುವವರಿಗೆ, ಇಸ್ಲಾಮಿನಲ್ಲಿ ನಿಷಿದ್ಧವಾದ ಮಾವ–ಸೊಸೆಯ ಮದುವೆ, ಅಂದರೆ ಅಕ್ಕನ ಮಗಳೊಂದಿಗಿನ ಮದುವೆ, ದಕ್ಷಿಣದ ಹಿಂದೂ ಕುಟುಂಬಗಳಲ್ಲಿ ರೂಢಿಯಲ್ಲಿದೆ ಎಂಬುದು ತಿಳಿದಿರಲಿ. ಹೆದರಿಸುವುದೂ ಬೇಡ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನ ದೋಷವಿದ್ದರೆ, ಅಣ್ಣತಂಗಿಯರ ಮಕ್ಕಳ ನಡುವಿನಂಥ ಮದುವೆಗಳಲ್ಲಿ ಅದು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆಯಿಂದ ಥಲಸೀಮಿಯಾ ಅಡಗಿದೆಯೇ ಎಂದು ತಿಳಿಯಬಹುದು. ಸೌದಿ ಅರೇಬಿಯಾ 2004ರಿಂದ ಇಂಥ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಗಲ್ಫಿಗೆ ಹೋಗಿ ಬರುವ ನಮ್ಮವರು ಅಲ್ಲಿಂದ ತರಬಹುದಾದ ಒಳ್ಳೆಯ ವಸ್ತುಗಳಲ್ಲಿ ಇದೂ ಒಂದು.

ನಮಗೆ ಕಂಡಂತೆ ನಮ್ಮ ಕಥೆಗಳಲ್ಲಿ ಸೋದರಿಕೆಯ ಮದುವೆ ಪ್ರೀತಿಯಾಗಿ, ತ್ಯಾಗವಾಗಿ, ಆಸ್ತಿಯ ಹಂಚಿಕೆಯಾಗಿ ಬಂದಿದೆ. ಅಲ್ಲಿ ಹುಟ್ಟಿದ ಮಗುವಿನ ಕಾಯಿಲೆ ಬಂದರೆ ಅದು ಕಿಸ್ಮತ್ ಆಗುತ್ತದೆ, ಇಲ್ಲವೇ ತಾಯಿಯ ಕಾಲ್ಗುಣವಾಗುತ್ತದೆ. ಇಬ್ಬರಿಂದ ಅರ್ಧರ್ಧ ಬಂದ ದೋಷವನ್ನು ಒಬ್ಬಳೇ ಹೊರುತ್ತಾಳೆ. ಇದು ಬರೆಯಬೇಕಾದ ಕಥೆ. ಬರೆಯುವವರು ಡಾಕ್ಟರನ್ನು ಕರೆತಂದು ಭಾಷಣ ಮಾಡಿಸಬೇಕಾಗಿಲ್ಲ. ಆ ತಾಯಿ ರಾತ್ರಿ ಯಾವ ಮಾತು ಕೇಳಿಸಿಕೊಂಡು ಮಲಗುತ್ತಾಳೆ ಎಂಬುದನ್ನು ನಿಜವಾಗಿ ಬರೆದರೆ ಸಾಕು.

ಗರ್ಭದಲ್ಲಿ ಲಿಂಗಪತ್ತೆ ಮಾಡುವುದನ್ನು 1994ರ ಕಾಯ್ದೆ ಅಪರಾಧವೆಂದು ಸಾರಿದೆ. ಕಾಯ್ದೆ ಸ್ಕ್ಯಾನಿಂಗ್ ಕೋಣೆಯ ಬಾಗಿಲವರೆಗೆ ಹೋಗಬಲ್ಲದು. ತೊಟ್ಟಿಲ ಸುತ್ತ ನಿಂತವರ ನಾಲಿಗೆಯವರೆಗೆ ಹೋಗಲಾರದು. ಅಲ್ಲಿಗೆ ತಲುಪಬೇಕಾದವರು ಶಾಲೆಯ ಮೇಷ್ಟ್ರು, ಜುಮಾದ ಖತೀಬರು, ಕಥೆಗಾರರು, ಮತ್ತು ಈ ಪುಟಗಳನ್ನು ಓದುವ ನೀವು. ನಿಮ್ಮ ಮನೆಯಲ್ಲಿ ಮುಂದಿನ ಬಾರಿ ಯಾರಾದರೂ 'ಅವಳು ಮತ್ತೆ ಹೆಣ್ಣನ್ನೇ ಹೆತ್ತಳು' ಎಂದರೆ ಆ ವಾಕ್ಯವನ್ನು ಅಲ್ಲೇ ತಿದ್ದಿ: ಅವರಿಬ್ಬರಿಗೆ ಒಂದು ಹೆಣ್ಣುಮಗು ಹುಟ್ಟಿದೆ.